ಕೆಂಪು ಬಟ್ಟೆ ಕಟ್ಟಿದ ಯಂತ್ರ

ಹದಿನೈದು ವರ್ಷ ಒಂದೇ ಒಂದು ದೂರಿಲ್ಲದೆ ಟಿಕೆಟ್ ಹರಿದದ್ದಕ್ಕೆ ಬಸ್ ಡಿಪೋದವರು ಕಂಡಕ್ಟರಿಗೆ ಬಹುಮಾನ ಕೊಟ್ಟರು. ಗೋಡೆ ಗಡಿಯಾರ ಕೊಡಬಹುದಿತ್ತು, ಒಳ್ಳೆಯದೊಂದು ಕೊಡೆ ಕೊಡಬಹುದಿತ್ತು. ಅದೆಲ್ಲ ಬಿಟ್ಟು ಫುಡ್ ಪ್ರೊಸೆಸರ್ ಕೊಟ್ಟರು. ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಅವನು ಓಣಿಯಲ್ಲಿ ನಡೆದು ಬಂದ ಠೀವಿ ನೋಡಬೇಕಿತ್ತು, ಇಡೀ ಡಿಪೋವನ್ನೇ ಗೆದ್ದು ತಂದವನ ಹಾಗಿತ್ತು.

"ಟಿಕೆಟ್ ಹರಿಯೋನಿಗೆ ತರಕಾರಿ ಹರಿಯೋ ಮಿಷಿನ್ನು. ಅವರಿಗೂ ಸ್ವಲ್ಪ ತಲೆ ಇದೆ ಅನ್ನು," ಎಂದಳು ಅವನ ತಾಯಿ.

ಆದರೆ ಆ ಪೆಟ್ಟಿಗೆಯನ್ನು ನೋಡಿ ಎದೆ ಢವಢವ ಅಂದದ್ದು ಅವನ ಹೆಂಡತಿಗೆ, ಅಂದರೆ ಆ ಮನೆಯ ಸೊಸೆಗೆ. ಅವಳು ಎಂಟು ವರ್ಷದಿಂದ ನರ್ಸಿಂಗ್ ಹಾಸ್ಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸದಲ್ಲಿದ್ದಳು. ಆ ವಾರವಷ್ಟೇ ಮೇಟ್ರನ್ ಎಲ್ಲರನ್ನೂ ಕರೆದು, ತರಕಾರಿ ಹೆಚ್ಚುವ ಕೋಣೆಯನ್ನು ಹುಡುಗಿಯರ ಓದುವ ಕೋಣೆ ಮಾಡುತ್ತೇವೆ, ಇನ್ನು ಮೇಲೆ ಹೆಚ್ಚಿದ ತರಕಾರಿಯನ್ನು ಹೊರಗಿನಿಂದ ತರಿಸುತ್ತೇವೆ ಎಂದಿದ್ದಳು. ಅಂದರೆ ಕೆಲಸ ಹೋಯಿತು ಅಂತಲೇ. ಉಳಿದವರು ಮುಖ ಮುಖ ನೋಡಿಕೊಂಡರೆ, ಇವಳ ಬಾಯಿಂದ ಮಾತು ಜಾರಿಯೇ ಬಿಟ್ಟಿತು: "ನಾನೇ ತಂದುಕೊಡ್ತೀನಿ ಮೇಡಂ!"

ಮೇಟ್ರನ್ ಕನ್ನಡಕದ ಮೇಲಿಂದ ನೋಡಿದಳು. "ದಿನಕ್ಕೆ ಹದಿನೈದು ಕೆಜಿ. ಬೆಳಿಗ್ಗೆ ಎಂಟೂವರೆಗೆ ಇಲ್ಲಿರಬೇಕು. ನಾಲ್ಕು ವಾರ ಪರೀಕ್ಷೆ. ಒಂದು ದಿನ ತಡ ಆಗಬಾರದು, ಒಂದು ಕಲ್ಲು ಕಸ ಸಿಗಬಾರದು. ಸರಿ ಹೋದರೆ ನಿಮ್ಮ ಹೆಸರಿಗೇ ಒಂದು ವರ್ಷದ ಕಾಗದ. ಇಲ್ಲಾಂದ್ರೆ ವ್ಯಾನಿನ ಕಂಪನಿಯವರು ಆಗಲೇ ಬಾಗಿಲು ತಟ್ತಾ ಇದ್ದಾರೆ."

ತನ್ನ ಹೆಸರಿಗೆ ಒಂದು ಕಾಗದ! ರೇಷನ್ ಕಾರ್ಡಿನಲ್ಲಿ ಮೂರನೇ ಸಾಲಿನಲ್ಲಿ ಇದ್ದದ್ದು ಬಿಟ್ಟರೆ ಅವಳ ಹೆಸರು ಎಲ್ಲೂ ತಲೆ ಎತ್ತಿದ್ದೇ ಇಲ್ಲ. ಮಾತೇನೋ ಕೊಟ್ಟು ಬಂದಳು, ಮನೆಗೆ ಬಂದು ಎರಡು ಚಾಕು ಮುಂದಿಟ್ಟುಕೊಂಡು ಹದಿನೈದು ಕೆಜಿಯ ಲೆಕ್ಕ ಹಾಕಿದಾಗ ಬೆವರು ಕಿತ್ತುಕೊಂಡಿತು. ಅಷ್ಟರಲ್ಲಿ ಈ ಪೆಟ್ಟಿಗೆ.

ಪೆಟ್ಟಿಗೆ ಬಿಚ್ಚಿದರು. ಬಟ್ಟಲು, ಮುಚ್ಚಳ, ಮುಚ್ಚಳಕ್ಕೊಂದು ಕೊಳವೆ, ಎರಡು ರೆಕ್ಕೆಯ ಬ್ಲೇಡು, ಹೋಳು ಮಾಡುವ ತಟ್ಟೆ, ತುರಿಯುವ ತಟ್ಟೆ. ಎಲ್ಲ ಜೋಡಿಸಿ ಗುಂಡಿ ಒತ್ತಿದರೆ ಮಿಷಿನ್ನು ಮಿಸುಕಲಿಲ್ಲ.

"ಬಹುಮಾನದ ಹಲ್ಲು ಎಣಿಸಬಾರದು ಅಂತ ಸುಮ್ಮನಿದ್ದೆ," ಎಂದಳು ಅತ್ತೆ.

"ಅಜ್ಜೀ, ಸ್ವಲ್ಪ ತಡಿ!" ಎಂದಳು ಮೊಮ್ಮಗಳು. ಹನ್ನೊಂದು ವರ್ಷದ ಅವಳನ್ನು ಮನೆಯಲ್ಲೂ ಓಣಿಯಲ್ಲೂ ಕರೆಯುವುದೇ ಗಿಣಿ ಅಂತ, ಬಾಯಿ ಮುಚ್ಚಿದರೆ ಜ್ವರ ಬಂದಿದೆ ಅಂತ ಅರ್ಥ. ಅವಳು ಜೊತೆಗೆ ಬಂದ ಪುಸ್ತಕವನ್ನು ವಾರ್ತೆ ಓದುವವರ ಗತ್ತಿನಲ್ಲಿ ಓದಿದಳು: "ಮುಚ್ಚಳವನ್ನು 'ಟಕ್' ಎಂಬ ಶಬ್ದ ಬರುವವರೆಗೆ ತಿರುಗಿಸಿ. ಮುಚ್ಚಳ ಕೂರದಿದ್ದರೆ ಯಂತ್ರ ಓಡುವುದಿಲ್ಲ. ಇದು ನಿಮ್ಮ ಬೆರಳುಗಳ ಕ್ಷೇಮಕ್ಕಾಗಿ."

ಸೊಸೆ ತಿರುಗಿಸಿದಳು. ಟಕ್! ಗುಂಡಿ ಒತ್ತಿದ್ದೇ ತಡ ಸುಂಯ್ ಅಂತ ತಟ್ಟೆ ತಿರುಗಿತು. ಕೊಳವೆಗೆ ಒಂದು ಗಜ್ಜರಿ ಇಳಿಬಿಟ್ಟಳು. ಕಣ್ಣು ಮಿಟುಕಿಸುವಷ್ಟರಲ್ಲಿ ಬಟ್ಟಲಿನಲ್ಲಿ ಒಂದೇ ಅಳತೆಯ ಬಿಲ್ಲೆಗಳು ರಾಶಿ ಬಿದ್ದಿದ್ದವು.

"ಅಯ್ಯಯ್ಯೋ, ಇನ್ನೊಂದು ಹಾಕೇ!" ಎಂದು ಕಂಡಕ್ಟರ್ ಕುಣಿದ. ಆ ಸಂಜೆ ಮನೆಯಲ್ಲಿದ್ದ ತರಕಾರಿಯೆಲ್ಲ ಬಿಲ್ಲೆಯಾಯಿತು. ಮೂರು ದಿನ ಅದನ್ನೇ ತಿಂದರು, ಅದು ಬೇರೆ ಮಾತು.

ಅತ್ತೆ ಮಾತ್ರ ಒಪ್ಪಲಿಲ್ಲ. ಅವಳದೂ ಒಂದು ಯಂತ್ರವಿತ್ತು, ಹತ್ತೊಂಬತ್ತು ವರ್ಷದ ಮಿಕ್ಸಿ. ತಾನು ದುಡಿಯುತ್ತಿದ್ದ ಬಟ್ಟೆ ಮಿಲ್ಲು ಮುಚ್ಚಿದಾಗ ಸಿಕ್ಕ ಕೊನೆಯ ಸಂಬಳದಲ್ಲಿ ಕೊಂಡದ್ದು. ಮೋಟರಿಗೆ ಎರಡು ಸಲ ಹೊಸ ತಂತಿ ಸುತ್ತಿಸಿದ್ದಳು. "ಇದು ನುಣ್ಣಗೂ ಮಾಡುತ್ತೆ, ತರಿತರಿನೂ ಮಾಡುತ್ತೆ. ಇನ್ನೇನು ಬೇಕು ನಿಂಗೆ?"

"ಹಾಗಾದ್ರೆ ಈರುಳ್ಳಿ ಹೆಚ್ಚಿ ತೋರಿಸಿ ಅತ್ತೆ."

ಪಂದ್ಯ ನಡೆದೇಬಿಟ್ಟಿತು. ಮಿಕ್ಸಿಯ ಉದ್ದನೆಯ ಜಾರಿನಲ್ಲಿ ಕೆಳಗಿನ ಈರುಳ್ಳಿ ಗಂಜಿಯಾಯಿತು, ಮೇಲಿನದು ಹೋಳಾಗಿಯೇ ಕೂತಿತ್ತು. ಪ್ರೊಸೆಸರಿನಲ್ಲಿ ಗುಂಡಿಯನ್ನು ನಾಲ್ಕು ಸಲ ಒತ್ತಿ ಬಿಟ್ಟದ್ದಕ್ಕೆ ಕೈಯಲ್ಲಿ ಕೊಚ್ಚಿದ ಹಾಗೆ ಬಂತು. ಗಿಣಿ ಚಪ್ಪಾಳೆ ತಟ್ಟಿದಳು. ಅತ್ತೆ ಎದ್ದು ಒಂದು ಹಿಡಿ ಕಾಳುಮೆಣಸು ತಂದು ಪ್ರೊಸೆಸರಿಗೆ ಸುರಿದಳು. "ಈಗ ಪುಡಿ ಮಾಡು."

ಆ ಅಗಲವಾದ ಬಟ್ಟಲಿನಲ್ಲಿ ಮೆಣಸಿನ ಕಾಳುಗಳು ಗೋಡೆಗೆ ಬಡಿದುಕೊಂಡು ಊರೆಲ್ಲ ಸುತ್ತಿ, ಹೋದ ಹಾಗೇ ಬಂದವು. ಅದೇ ಕಾಳನ್ನು ಮಿಕ್ಸಿಯ ಸಣ್ಣ ಜಾರಿಗೆ ಹಾಕಿದ್ದೇ ಅರ್ಧ ನಿಮಿಷದಲ್ಲಿ ಪುಡಿ.

"ಈಗ ತಟ್ಟೇ ಚಪ್ಪಾಳೆ," ಎಂದಳು ಅತ್ತೆ ಮೊಮ್ಮಗಳಿಗೆ.

ಪರೀಕ್ಷೆಯ ವಾರಗಳು ಶುರುವಾದವು. ಬೆಳಿಗ್ಗೆ ಐದಕ್ಕೆ ಎದ್ದು ತೊಳೆದು, ಸುಲಿದು, ಮಿಷಿನ್ನಿಗೆ ಹಾಕಿ, ಸೈಕಲ್ಲಿನ ಹಿಂದೆ ಎರಡು ದೊಡ್ಡ ಡಬ್ಬ ಕಟ್ಟಿಕೊಂಡು ಸೊಸೆ ಎಂಟು ಇಪ್ಪತ್ತಕ್ಕೆಲ್ಲ ಹಾಸ್ಟೆಲಿನ ಹಿಂಬಾಗಿಲಲ್ಲಿ ಹಾಜರ್. ಮೇಟ್ರನ್ ಒಂದು ಹಿಡಿ ಎತ್ತಿ ನೋಡಿ "ಹೂಂ" ಅನ್ನುವಳು. ಆ ಒಂದು ಹೂಂ ಸಾಕಾಗಿತ್ತು, ಮನೆಗೆ ಬರುವಾಗ ಸೈಕಲ್ ತಾನೇ ಓಡುತ್ತಿತ್ತು.

ಅತ್ತೆ ಬೇಡ ಬೇಡ ಅನ್ನುತ್ತಲೇ ಬಂದು ಪಕ್ಕದಲ್ಲಿ ಕೂರುವಳು. ಮೂವತ್ತು ವರ್ಷ ಮಗ್ಗಗಳ ಗದ್ದಲದಲ್ಲಿ ದುಡಿದು ಅವಳ ಕಿವಿ ಮಂದವಾಗಿತ್ತು. ಹಾಗಾಗಿ ಯಂತ್ರದ ಕಷ್ಟಸುಖವನ್ನು ಅಂಗೈಯಲ್ಲಿ ವಿಚಾರಿಸಿಕೊಳ್ಳುತ್ತಿದ್ದಳು. ಓಡುವ ಮಿಷಿನ್ನಿನ ಮೈಮೇಲೆ ಕೈ ಇಟ್ಟು, "ನಿಲ್ಸು. ಬಿಸಿ ಏರ್ತಿದೆ. ಉಸಿರಾಡೋಕೆ ಬಿಡು," ಎನ್ನುವಳು. ಒಂದು ದಿನ ಸೊಸೆ ಅವಸರಕ್ಕೆ ಬಟ್ಟಲು ತುಂಬಾ ತುರುಕಿದಾಗ ಮಿಷಿನ್ನು ಗಕ್ಕನೆ ನಿಂತೇ ಹೋಯಿತು. ಅತ್ತೆ ಅದನ್ನು ಮಗುಚಿ, ಅಡಿಯಲ್ಲಿದ್ದ ಕೆಂಪು ಗುಂಡಿ ಹುಡುಕಿ, ಹತ್ತು ನಿಮಿಷ ಬಿಟ್ಟು ಒತ್ತಿದಳು. ಓಡಿತು! "ಹೊಟ್ಟೆ ಬಿರಿಯೋ ಹಾಗೆ ತಿನ್ನಿಸಿದ್ರೆ ಮನುಷ್ಯನೂ ನಿಲ್ತಾನೆ," ಎಂದಳು.

ಮಿಲ್ಲಿನ ಕಥೆಗಳೂ ಜೊತೆಗೇ ಬರುತ್ತಿದ್ದವು. "ನಮ್ಮಲ್ಲಿ ಮಗ್ಗ ಕೆಟ್ಟರೆ ಹಿಡಿಗೆ ಕೆಂಪು ಬಟ್ಟೆ ಕಟ್ಟೋದು. ಅದನ್ನ ಮ್ಯಾನೇಜರ್ ಬಂದ್ರೂ ಮುಟ್ಟಂಗಿಲ್ಲ. ಪಾಳಿ ಬದಲಾದಾಗ ಕಟ್ಟಿದವಳು ಬರೋಳ ಎದುರು ನಿಂತು ಯಾಕೆ ಕಟ್ಟಿದೆ ಅಂತ ಹೇಳಬೇಕು. ಹೇಳಿ, 'ಪಾಳಿ ನಿಂದು' ಅಂತ ಕೈ ತಟ್ಟಿ ಹೋಗೋದು."

"ಹೂಂ ಅತ್ತೆ," ಎನ್ನುವಳು ಸೊಸೆ. ಈ ಕಥೆ ನೂರನೇ ಸಲ.

ಮೂರು ವಾರ ಹೀಗೆ ಸರಾಗವಾಗಿ ಹೋಯಿತು. ನಾಲ್ಕನೆಯ ವಾರದ ಸೋಮವಾರ ಎಡವಟ್ಟಾಯಿತು. ಹೊತ್ತಾಯಿತೆಂದು ಸೊಸೆ ಬ್ಲೇಡನ್ನು ಸೋಪು ನೀರಿನ ಬೋಗುಣಿಯಲ್ಲೇ ಬಿಟ್ಟು ಹಾಸ್ಟೆಲಿಗೆ ಓಡಿದ್ದಳು. ನೊರೆಯೊಳಗೆ ಏನಿದೆ ಅಂತ ಯಾರಿಗೆ ಗೊತ್ತು? ಅತ್ತೆ ಲೋಟ ಅಂದುಕೊಂಡು ಕೈ ಹಾಕಿದಳು. ಹೆಬ್ಬೆರಳು ಸೀಳಿತು.

ಸೊಸೆ ತಿರುಗಿ ಬಂದಾಗ ಅತ್ತೆಯ ಹೆಬ್ಬೆರಳಿಗೆ ದಪ್ಪನೆಯ ಬ್ಯಾಂಡೇಜು, ಬಾಯಿಗೆ ಮಾತ್ರ ಯಾವ ಕಟ್ಟೂ ಇರಲಿಲ್ಲ.

"ನನ್ನ ಕೈ ಕತ್ತರಿಸೋಕೆ ಅಂತಾನೇ ಇಟ್ಟು ಹೋಗಿದ್ದೀಯಾ?"

"ಅಯ್ಯೋ ಅತ್ತೆ, ನಿಮ್ಮನ್ನ ಪಾತ್ರೆ ತೊಳೀರಿ ಅಂತ ಯಾರು ಕರೆದ್ರು?"

"ತೊಳೀದೆ? ಮೂವತ್ತು ವರ್ಷದಲ್ಲಿ ಒಂದು ದಿನ ಕೊಳಕು ಮಗ್ಗ ಬಿಟ್ಟು ಮನೆಗೆ ಬಂದೋಳಲ್ಲ ನಾನು. ಇವಳಿಗೆ ಮಿಷಿನ್ನು ಬಂದು ತಿಂಗಳಾಗಿಲ್ಲ, ಆಗಲೇ ಮಾಲೀಕಳ ಗತ್ತು!"

"ಗತ್ತು ಅಂತೆ ಗತ್ತು! ನಾನು ಗೆಲ್ಲೋದು ನಿಮಗೆ ಬೇಕಾಗಿಲ್ಲ. ನಿಮ್ಮ ಮಿಕ್ಸಿ ಮೂಲೆಗೆ ಬಿತ್ತಲ್ಲ ಅಂತ ಹೊಟ್ಟೆಕಿಚ್ಚು."

ಆ ಮಾತು ಬಾಯಿಂದ ಬಿದ್ದ ಮೇಲೆ ಸೊಸೆಗೇ ಚುರುಕ್ ಎಂದಿತು. ಆದರೆ ಬಿದ್ದ ಮಾತನ್ನು ಎತ್ತಿಕೊಳ್ಳುವುದು ಹೇಗೆ? ಅತ್ತೆ ಬಾಯಿಗೆ ಬೀಗ ಹಾಕಿಕೊಂಡಳು. ಮಂಗಳವಾರದಿಂದ ಮನೆಯ ಮಾತುಕತೆಯೆಲ್ಲ ಗಿಣಿಯ ಮೂಲಕ.

"ಗಿಣೀ, ನಿಮ್ಮಮ್ಮಂಗೆ ಹೇಳು, ಊಟ ಬಡಿಸಿದೆ ಅಂತ."

"ಗಿಣೀ, ನಿಮ್ಮಜ್ಜಿಗೆ ಹೇಳು, ಹಸಿವಿಲ್ಲ ಅಂತ."

"ಇಬ್ಬರೂ ಒಂದೇ ರೂಮಲ್ಲಿದ್ದೀರ! ನಂಗೆ ಬಾಯಿ ನೋವು ಬಂತು," ಎಂದಳು ಗಿಣಿ. ಅವಳಿಗೇ ಬಾಯಿ ನೋವು ಬಂತೆಂದರೆ ಎಂಥಾ ಜಗಳ ನೋಡಿ. ನಡುವೆ ಕಂಡಕ್ಟರ್ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು ಬಸ್ಸಿನಲ್ಲಿ ಅಂದಂತೆ ಅಂದು ಇಬ್ಬರಿಂದಲೂ ಬೈಸಿಕೊಂಡ.

ಮಾತು ಬಿಟ್ಟರೂ ಅತ್ತೆ ಕೆಲಸ ಬಿಡಲಿಲ್ಲ. ಸಂಜೆ ಸೊಸೆ ಮಾರುಕಟ್ಟೆಗೆ ಹೋದಾಗ ತಟ್ಟೆಗಳನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಒಣಗಿಸಿ ಇಡುತ್ತಿದ್ದಳು. ಸೊಸೆಗೆ ಅದು ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳಂತಿದ್ದಳು.

ಶನಿವಾರ ಬಂತು, ಪರೀಕ್ಷೆಯ ಕೊನೆಯ ದಿನ. ಸೊಸೆ ಐದಕ್ಕೆ ಅಡುಗೆಮನೆಯ ದೀಪ ಹಾಕಿದರೆ, ಪ್ರೊಸೆಸರಿನ ಕೊರಳಿಗೆ ಒಂದು ಕೆಂಪು ಬಟ್ಟೆ ಕಟ್ಟಿತ್ತು. ಅತ್ತೆಯ ಹಳೆಯ ರವಿಕೆಯ ಚೂರು, ಬಿಗಿಯಾಗಿ ಎರಡು ಗಂಟು.

ಅವಳ ಮೈಯೆಲ್ಲ ಉರಿದುಹೋಯಿತು. ಮುಟ್ಟಬೇಡ ಅಂತ ತಾನೇ? ಇವತ್ತೇ? ಕಾಗದ ಕೈಗೆ ಬರೋ ದಿನವೇ ಇವರಿಗೆ ಮಿಲ್ಲಿನ ಕಾನೂನು ನೆನಪಾಯಿತೇ? ಹಲ್ಲಿನಿಂದ ಗಂಟು ಕಚ್ಚಿ ಬಿಚ್ಚಿ, ಬಟ್ಟೆಯನ್ನು ಮೂಲೆಗೆಸೆದು ಗುಂಡಿ ಒತ್ತಿದಳು. ಈರುಳ್ಳಿ ಬ್ಲೇಡಿನಲ್ಲಿ ಮುಗಿಯಿತು, ಅದರ ಡಬ್ಬ ಮುಚ್ಚಿಟ್ಟಳು. ತಟ್ಟೆ ಹಾಕಿ ನಾಲ್ಕು ಕೆಜಿ ಗಜ್ಜರಿ, ಆರು ಕೆಜಿ ಎಲೆಕೋಸು. ನಡುವೆಲ್ಲೋ ಒಂದು ಸಲ ಕಟ್ ಅಂದ ಹಾಗಾಯಿತು. ಕೋಸಿನ ದಿಂಡಿರಬೇಕು ಅಂದುಕೊಂಡಳು.

ಏಳೂ ಹತ್ತಕ್ಕೆಲ್ಲ ಎಲ್ಲ ಮುಗಿದಿತ್ತು. ಗೆದ್ದೆ ಅಂತ ಹಾಡು ಗುನುಗುತ್ತಾ ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದವಳು ಹಾಗೇ ನಿಂತುಬಿಟ್ಟಳು. ತಟ್ಟೆಯ ಅಲಗಿನ ಮೂಲೆ ಇರಲಿಲ್ಲ. ಉಗುರಿನಷ್ಟು ಉಕ್ಕು ಮುರಿದು ಹೋಗಿತ್ತು.

"ರೀ!" ಎಂದು ಕೂಗಿದಳು. ಗಂಡ ಓಡಿ ಬಂದ, ಗಿಣಿ ಬಂದಳು, ಕೂಗಿನ ಜೋರಿಗೆ ಮಂದ ಕಿವಿಯ ಅತ್ತೆಯೂ ಬಂದಳು.

"ಹುಡುಕೋಣ. ಸಿಕ್ಕೇ ಸಿಗುತ್ತೆ," ಎಂದ ಕಂಡಕ್ಟರ್, ಡಬ್ಬದೊಳಗೆ ಮೊಣಕೈವರೆಗೆ ಕೈ ತೂರಿಸಿ. ಹತ್ತು ಕೆಜಿ ಹೋಳಿನಲ್ಲಿ ಉಗುರಿನಷ್ಟು ಚೂರು. ಐದು ನಿಮಿಷ ತಡಕಿದರು. ಸಿಗಲಿಲ್ಲ. "ಅಲ್ಲಾ, ಚರಂಡಿಗೇ ಹೋಗಿರಬಹುದು ಕಣೇ. ನೀರಲ್ಲಿ ಕೊಚ್ಚಿ ಹೋಗಿದ್ರೆ?"

"ಹೋಗಿರದೇ ಇದ್ರೆ?" ಎಂದಳು ಸೊಸೆ.

ಹಾಸ್ಟೆಲಿನಲ್ಲಿ ಎಂಬತ್ತು ಹುಡುಗಿಯರು. ಬೆಳಿಗ್ಗೆ ಹಿಂಬಾಗಿಲಲ್ಲಿ "ಅಕ್ಕಾ, ಇವತ್ತು ಏನು?" ಎಂದು ಡಬ್ಬದೊಳಗೆ ಇಣುಕುವ ಹುಡುಗಿಯರು. ಯಾರ ತಟ್ಟೆಗೆ ಬೀಳುತ್ತಿತ್ತೋ, ಯಾರ ಗಂಟಲಲ್ಲಿ ಸಿಗುತ್ತಿತ್ತೋ. ಅವಳು ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ಹಿತ್ತಲಿಗೆ ಹೋಗಿ ಗುಂಡಿಗೆ ಬೋರಲು ಹಾಕಿದಳು. ಹತ್ತು ಕೆಜಿಯೂ. ದನಕ್ಕೆ ಹಾಕುವಂತೆಯೂ ಇರಲಿಲ್ಲ. ಕಾಗದವೂ ಅದರ ಜೊತೆಗೇ ಬಿದ್ದಹಾಗೆ ಅನ್ನಿಸಿ ಕಣ್ಣು ತುಂಬಿ ಬಂತು.

ಒಳಗೆ ಬಂದರೆ ಅತ್ತೆ ಮೂಲೆಯಲ್ಲಿದ್ದ ಕೆಂಪು ಬಟ್ಟೆಯನ್ನು ಎತ್ತಿಕೊಂಡು ನಿಂತಿದ್ದಳು. ಬೈಯುತ್ತಾಳೆ, ಬೈಯಲಿ ಅಂದುಕೊಂಡಳು ಸೊಸೆ.

"ತಪ್ಪು ನಂದು," ಎಂದಳು ಅತ್ತೆ. ಗಿಣಿಗಲ್ಲ, ನೇರ ಸೊಸೆಗೇ. "ನಿನ್ನೆ ಸಂಜೆ ತಿಕ್ಕುವಾಗ ಕೂದಲೆಳೆಯಷ್ಟು ಬಿರುಕು ಕೈಗೆ ಸಿಕ್ತು. ಬಟ್ಟೆ ಕಟ್ಟಿದೆ, ಬಾಯಿ ಬಿಡಲಿಲ್ಲ. ಕಟ್ಟೋದು ಅರ್ಧ ಕೆಲಸ. ಎದುರು ನಿಂತು ಹೇಳೋದು ಇನ್ನರ್ಧ. ಮೂವತ್ತು ವರ್ಷದಲ್ಲಿ ಒಂದು ಸಲ ಮಾಡದ ತಪ್ಪನ್ನ ನಿನ್ನ ಮೇಲಿನ ಸಿಟ್ಟಿಗೆ ಮಾಡಿಬಿಟ್ಟೆ."

"ನಂಗೆ ಅರ್ಥ ಗೊತ್ತಿತ್ತು ಅತ್ತೆ. ಗೊತ್ತಿದ್ದೇ ಬಿಚ್ಚಿದೆ."

"ಅಳೋದು ಆಮೇಲೆ ಇಬ್ಬರೂ ಕೂತು ಅಳೋಣ. ಗಂಟೆ ಎಷ್ಟು?"

"ಏಳೂ ಇಪ್ಪತ್ತು!" ಎಂದಳು ಗಿಣಿ.

"ಲೋ, ನಿಂತು ನೋಡ್ತೀಯೇನೋ? ಹೋಗು, ಗಜ್ಜರಿ ನಾಲ್ಕು, ಕೋಸು ಆರು! ಬರೋವಾಗ ಎದುರುಮನೆ ಟೈಲರಮ್ಮನ ಹತ್ರ ಇರೋ ಚಾಕೆಲ್ಲ ಇಸ್ಕೊಂಡು ಬಾ!"

ಕಂಡಕ್ಟರ್ ಜನ್ಮದಲ್ಲಿ ಹಾಗೆ ಸೈಕಲ್ ತುಳಿದಿರಲಿಲ್ಲ. ಏಳೂ ನಲವತ್ತಕ್ಕೆ ಚೀಲಗಳೊಂದಿಗೆ ಬಂದ, ಚಾಕಿನ ಜೊತೆ ಟೈಲರಮ್ಮನೂ ಬಂದಿದ್ದಳು. "ಕತ್ತರಿಸೋದು ಅಂದ್ರೆ ನಮ್ಮ ಕಸುಬಲ್ವಾ," ಎಂದು ಸೆರಗು ಸಿಕ್ಕಿಸಿದಳು. ನೆಲದ ಮೇಲೆ ಹಾಳೆ ಹಾಸಿ ಕೂತರು. ಗಿಣಿ ತೊಳೆಯುವುದು, ಕಂಡಕ್ಟರ್ ಸಿಪ್ಪೆ ಹೆರೆಯುವುದು, ಮೂವರು ಹೆಂಗಸರು ಹೆಚ್ಚುವುದು. ಟಕಟಕ ಟಕಟಕ, ಮನೆಯೇ ಒಂದು ಕಾರ್ಖಾನೆಯಾಯಿತು. ಹೆಬ್ಬೆರಳಿಗೆ ಬ್ಯಾಂಡೇಜು ಕಟ್ಟಿಕೊಂಡ ಅತ್ತೆ ಚಾಕುವನ್ನು ನಾಲ್ಕೇ ಬೆರಳಲ್ಲಿ ಹಿಡಿದು ಕೋಸಿನ ಮೇಲೆ ಓಡಿಸಿದ್ದು ನೋಡಿ ಟೈಲರಮ್ಮ ಬಾಯಿ ಬಿಟ್ಟಳು.

"ಅಜ್ಜಿ ಗೆದ್ದಳು! ಅಜ್ಜಿದು ಎರಡನೇ ಕೋಸು!"

"ಬಾಯಿ ಮುಚ್ಚಿ ತೊಳಿ, ಗಿಣಿ!" ಎಂದರು ನಾಲ್ವರೂ ಒಟ್ಟಿಗೆ. ಎಂದು ನಕ್ಕರು ಕೂಡ. ಐದು ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು.

ಎಂಟೂ ನಲವತ್ತಕ್ಕೆ ಡಬ್ಬ ತುಂಬಿತು. ಹಾಸ್ಟೆಲು ತಲುಪಿದಾಗ ಎಂಟೂ ಐವತ್ತೆರಡು.

ಮೇಟ್ರನ್ ಹಿಂಬಾಗಿಲಲ್ಲೇ ನಿಂತಿದ್ದಳು, ಕಣ್ಣು ಗೋಡೆ ಗಡಿಯಾರದ ಮೇಲೆ. ಸೊಸೆ ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದಳು. ಬಿರುಕು, ಬಟ್ಟೆ, ತಾನು ಬಿಚ್ಚಿದ್ದು, ಗುಂಡಿಗೆ ಸುರಿದದ್ದು. ಮುರಿದ ತಟ್ಟೆಯನ್ನೂ ಚೀಲದಿಂದ ತೆಗೆದು ತೋರಿಸಿದಳು.

"ಆ ಚೂರು ಸಿಗಲೇ ಇಲ್ವಾ?"

"ಇಲ್ಲ ಮೇಡಂ. ಅದಕ್ಕೇ ಎಲ್ಲಾ ಎಸೆದ್ವಿ."

"ಸೈಕಲ್ ಪಂಕ್ಚರ್ ಆಯ್ತು ಅನ್ನಬಹುದಿತ್ತಲ್ಲ. ನಾನು ನಂಬ್ತಿದ್ದೆ."

ಮೇಟ್ರನ್ ಒಂದು ಹಿಡಿ ಕೋಸು ಎತ್ತಿದಳು. ಹೋಳುಗಳು ಒಂದು ಸಣ್ಣ, ಒಂದು ದಪ್ಪ. ಬಹಳ ಹೊತ್ತು ನೋಡಿದಳು.

"ಇಪ್ಪತ್ತೆರಡು ನಿಮಿಷ ತಡ. ಇವತ್ತು ಕಾಗದ ಕೊಡಲ್ಲ. ಇನ್ನು ನಾಲ್ಕು ವಾರ ಪರೀಕ್ಷೆ," ಎಂದಳು. ಎರಡು ಹೆಜ್ಜೆ ಹೋಗಿ ತಿರುಗಿದಳು. "ವ್ಯಾನಿನವರಿಗೆ ಬರಬೇಡಿ ಅಂತ ಫೋನ್ ಮಾಡ್ತೀನಿ. ಆ ಬಟ್ಟೆ ಕಟ್ಟಿದ ನಿಮ್ಮ ಅತ್ತೇನ ಒಂದು ದಿನ ಕರ್ಕೊಂಡು ಬನ್ನಿ. ನಮ್ಮ ಅಡುಗೆಮನೇಲೂ ಅಂಥೋರು ಒಬ್ಬರು ಇರಬೇಕಿತ್ತು."

ಆ ನಾಲ್ಕು ವಾರ ಹೇಗೆ ಕಳೆಯಿತೋ! ಹೊಸ ತಟ್ಟೆ ಒಂದಲ್ಲ, ಎರಡು ಬಂದವು. ಒಂದು ಓಡುವಾಗ ಒಂದು ಕಾಯುವುದು. ಬ್ಲೇಡಿಗೆ ನೊರೆಯಲ್ಲಿ ಮುಳುಗುವ ಯೋಗ ಮತ್ತೆ ಬರಲಿಲ್ಲ, ಬಳಸಿದ ಕೂಡಲೇ ತೊಳೆದು ಮೊಳೆಗೆ ನೇತು ಹಾಕುವುದಾಯಿತು. ಸಂಜೆ ಸೊಸೆ ತಿಕ್ಕಿ ಕೊಟ್ಟ ತಟ್ಟೆಯ ಅಂಚನ್ನು ಅತ್ತೆ ಕಣ್ಣು ಮುಚ್ಚಿ ಬೆರಳಲ್ಲಿ ಸವರಿ ನೋಡುವಳು, ಆಮೇಲೆ ಸೊಸೆಯ ಬೆರಳು ಹಿಡಿದು ಅದೇ ಅಂಚಿನ ಮೇಲೆ ಓಡಿಸುವಳು. "ಇಲ್ಲಿ ನುಣುಪು. ಇಲ್ಲಿ ತರಿ. ಗೊತ್ತಾಯ್ತಾ?" ಮೊದಮೊದಲು ಗೊತ್ತಾಗಲಿಲ್ಲ. ಮೂರನೆಯ ವಾರ ಗೊತ್ತಾಯಿತು.

ಕೊನೆಯ ಶನಿವಾರ ಸೊಸೆ ಸೈಕಲ್ಲಿನ ಗಂಟೆಯನ್ನು ಓಣಿಯ ತುದಿಯಿಂದಲೇ ಬಾರಿಸುತ್ತಾ ಬಂದಳು. ಕೈಯಲ್ಲಿ ಕಾಗದ! ಮೇಲಿನ ಸಾಲಿನಲ್ಲೇ ಅವಳ ಹೆಸರು, ಟೈಪು ಮಾಡಿದ್ದು, ಕೆಳಗೆ ಠಸ್ಸೆ. ಗಿಣಿ ಅದನ್ನು ಮೂರು ಸಲ ಗಟ್ಟಿಯಾಗಿ ಓದಿದಳು, ಕಂಡಕ್ಟರ್ ನಾಲ್ಕನೇ ಸಲ ಓದಿಸಿದ. ಟೈಲರಮ್ಮ ಸೂಜಿ ಕಚ್ಚಿಕೊಂಡೇ ಓಡಿ ಬಂದಳು.

"ಇವತ್ತು ಊಟ ನಂದು!" ಎಂದು ಅತ್ತೆ ಎದ್ದಳು. "ಮಿಷಿನ್ನು ಮುಟ್ಟೋ ಹಂಗಿಲ್ಲ ಯಾರೂ. ನನ್ನ ಮಿಕ್ಸೀಲಿ ಮಸಾಲೆ ಅರೆದು ಹಾಕ್ತೀನಿ, ಬೆರಳು ಚೀಪ್ಕೋಬೇಕು!"

ದಾಪುಗಾಲು ಹಾಕುತ್ತಾ ಅಡುಗೆಮನೆಗೆ ಹೋದಳು. ಹೋದವಳ ಸದ್ದೇ ಇಲ್ಲ. ಎಲ್ಲರೂ ಬಾಗಿಲಿಗೆ ಬಂದು ಇಣುಕಿದರು.

ಹತ್ತೊಂಬತ್ತು ವರ್ಷದ ಮಿಕ್ಸಿಯ ಕೊರಳಿಗೆ ಕೆಂಪು ಬಟ್ಟೆ ಕಟ್ಟಿತ್ತು. ಅತ್ತೆಯ ಚಾಚಿದ ಕೈ ಅದರಿಂದ ಒಂದು ಗೇಣು ದೂರದಲ್ಲೇ ನಿಂತಿತ್ತು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿದಳು, ತಿರುಗದೆ ಹಾಗೇ ಕಾದು ನಿಂತಳು.

ಸೊಸೆ ಒಳಗೆ ಬಂದು ಅತ್ತೆಯ ಎದುರಿಗೆ ನಿಂತಳು. ಕೇಳಿಸಲಿ ಎಂದು ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಪ್ಲಗ್ಗಿನ ಹತ್ರ ವಯರು ಸುಲಿದಿದೆ ಅತ್ತೆ. ಬೆಳಿಗ್ಗೆ ಒರೆಸುವಾಗ ಕೈಗೆ ತಗಲಿತು. ನೀವು ಸ್ನಾನಕ್ಕೆ ಹೋಗಿದ್ರಿ, ಕಟ್ಟಿ ಹೋದೆ. ಬಂದ ಕೂಡಲೇ ಹೇಳಬೇಕಿತ್ತು, ಕಾಗದದ ಖುಷೀಲಿ ಮರೆತೆ. ಸಂಜೆ ಇವರು ರಿಪೇರಿಗೆ ಒಯ್ತಾರೆ."

ಅತ್ತೆ ಬಗ್ಗಿ ವಯರು ನೋಡಿದಳು. ಹೌದು, ತಾಮ್ರ ಇಣುಕುತ್ತಿತ್ತು. ತನ್ನ ಕಣ್ಣಿಗೆ ಬಿದ್ದಿರಲಿಲ್ಲ. ನೆಟ್ಟಗಾದಳು. ಹೆಬ್ಬೆರಳ ಮೇಲೆ ಬಿಳಿ ಗಾಯದ ಗೆರೆಯಿದ್ದ ಕೈಯನ್ನು ಮುಂದೆ ಚಾಚಿ, ಸೊಸೆಯ ಅಂಗೈಗೆ ಪಟ್ ಎಂದು ತಟ್ಟಿದಳು.

"ಪಾಳಿ ನಿಂದು," ಎಂದಳು.